ಹಾದಿ, ಸೈಯದ್ ಮೊಹಮ್ಮದ್ (1899–1971)

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದ ಹೈದರಾಬಾದ್ ಸಂಸ್ಥಾನದ ಟೆನಿಸ್ ಮತ್ತು ಕ್ರಿಕೆಟ್ ಆಟಗಾರ. ಮುಂದೆ ಕ್ರೀಡಾ ಆಡಳಿತಗಾರ. 1924–25ರಲ್ಲಿ ಭಾರತದ ಪರವಾಗಿ ಡೇವಿಸ್ ಕಪ್ ಆಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟೆನಿಸ್ ಅಂಗಳಕ್ಕಿಳಿದರು. ರಣಜಿ ಟ್ರೋಫಿ ಆರಂಭವಾದ 1934ರಲ್ಲೇ ಮದ್ರಾಸಿನ ವಿರುದ್ಧ ಔಟಾಗದೆ 132 ರನ್ ಗಳಿಸಿದರು. ಅದು ಆ ಪಂದ್ಯಾವಳಿಯ ಮೊದಲ ಶತಕ. ಏಳು ಆಟಗಳಲ್ಲಿ ಪಳಗಿದ್ದರಿಂದ ಅವರಿಗೆ ‘ರೇನ್‌ಬೋ ಹಾದಿ’ ಎಂಬ ಹೆಸರು ಬಂತು.

ಅವರ ಆಟವನ್ನೂ ಆಡಳಿತವನ್ನೂ ಬಿಡಿಬಿಡಿಯಾಗಿ ನೋಡಿದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಎರಡರ ಬುಡದಲ್ಲೂ ಇದ್ದ ಪ್ರಶ್ನೆ ಒಂದೇ: ಆಟದ ಖರ್ಚು ಹೊರುವವರು ಯಾರು? 1968ಕ್ಕೆ ಮೊದಲು ಟೆನಿಸ್‌ನ ದೊಡ್ಡ ಪಂದ್ಯಾವಳಿಗಳಲ್ಲಿ ವೃತ್ತಿಪರರಿಗೆ ಪ್ರವೇಶವಿರಲಿಲ್ಲ, ಗೆದ್ದವರಿಗೆ ಬಹುಮಾನದ ಹಣವೂ ಇರಲಿಲ್ಲ. ಆಡಬೇಕೆಂದರೆ ಆಸ್ತಿ ಬೇಕು, ನೌಕರಿ ಬೇಕು, ಇಲ್ಲವೇ ಆಶ್ರಯದಾತರು ಬೇಕು. ನಿಜಾಮರ ಸೈನ್ಯದಲ್ಲಿದ್ದ ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಹಾದಿ ಬೆಳೆದದ್ದು ಸಂಸ್ಥಾನದ ಪ್ರಧಾನಿಯಾಗಿದ್ದ ಆಸ್ಮಾನ್ ಜಾ ಅವರ ಮನೆತನದಲ್ಲಿ, ಓದಿದ್ದು ಕೇಂಬ್ರಿಜ್‌ನಲ್ಲಿ. ಪ್ರತಿಭೆಯಿಲ್ಲದೆ ಬರೀ ಆಶ್ರಯದಿಂದ ಯಾರೂ ಡೇವಿಸ್ ಕಪ್ ಮುಟ್ಟಲಾರರು ಎಂಬ ಆಕ್ಷೇಪ ಸರಿಯೇ. ಮದ್ರಾಸಿನ ವಿರುದ್ಧದ ಆ ಶತಕವನ್ನು ಯಾವ ನವಾಬರೂ ಕೊಡಿಸಿದ್ದಲ್ಲ. ಆದರೆ ಅಷ್ಟೇ ಪ್ರತಿಭೆಯ ಕುಷ್ಟಗಿಯ ಹುಡುಗನಿಗೆ ಪ್ಯಾರಿಸ್‌ವರೆಗಿನ ದಾರಿಯೇ ಇರಲಿಲ್ಲ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿನ ರೈತರ ಕಂದಾಯ ಹೈದರಾಬಾದಿಗೆ ಹೋಗುತ್ತಿತ್ತು, ಆಟದ ಪೋಷಣೆ ಮಾತ್ರ ಆ ಊರಿನ ಶ್ರೀಮಂತ ಮನೆತನಗಳ ಸುತ್ತಲೇ ಉಳಿಯುತ್ತಿತ್ತು.

ಈ ಸೀಮೆಗೆ ಟೆನಿಸ್ ಬೇಕಿರಲಿಲ್ಲ, ಗರಡಿಮನೆ ಸಾಕಿತ್ತು ಎನ್ನುವವರೂ ಇದ್ದಾರೆ. ಊರಿನ ಜಾತ್ರೆ ಪೈಲ್ವಾನನನ್ನು ಸಾಕಬಲ್ಲದು, ನಿಜ. ತರಬೇತಿ, ಪ್ರಯಾಣ, ವರ್ಷಗಟ್ಟಲೆ ಊಟೋಪಚಾರ ಕೊಟ್ಟು ಅವನನ್ನು ದೇಶದ ಮಟ್ಟಕ್ಕೆ ಒಯ್ಯುವ ಶಕ್ತಿ ಮಾತ್ರ ಒಂದು ಊರಿಗಿಲ್ಲ. ಕುಸ್ತಿಯಾದರೂ ಅಷ್ಟೇ, ಟೆನಿಸ್ ಆದರೂ ಅಷ್ಟೇ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಆ ಹೊಣೆ ಸರ್ಕಾರದ ಹೆಗಲೇರಬೇಕಾಯಿತು. ಹಾದಿ ಕೇಂದ್ರ ಸರ್ಕಾರದ ಶಿಕ್ಷಣ ಮತ್ತು ಕ್ರೀಡಾ ಆಡಳಿತದಲ್ಲಿ ದುಡಿದು, 1954ರಲ್ಲಿ ಹುಟ್ಟಿದ ಅಖಿಲ ಭಾರತ ಕ್ರೀಡಾ ಮಂಡಳಿಯ ಕಾರ್ಯದರ್ಶಿಯೂ ಆದರು. ಆಶ್ರಯದ ಬೆಲೆಯನ್ನು ಸ್ವತಃ ಬಲ್ಲವರಿಗೆ ಈ ಕೆಲಸ ಒಪ್ಪುವಂಥದ್ದೇ. ಆದರೆ ಮಂಡಳಿಗಿದ್ದದ್ದು ಸಲಹೆ ಕೊಡುವ ಅಧಿಕಾರ ಮಾತ್ರ, ಹೊಣೆ ರಾಜ್ಯಗಳ ಮೇಲೇ ಉಳಿಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯ ಸೇರಿದ ಈ ನಾಲ್ಕು ತಾಲೂಕುಗಳು ಆಟದ ಬಯಲಿಗೂ ತರಬೇತುದಾರರಿಗೂ ಅಲ್ಲಿಂದ ಮುಂದೆ ಬೆಂಗಳೂರಿನ ಕಡೆ ನೋಡಬೇಕಾಯಿತು.