ಋಣ, ದಾಸ್ಯ ಮತ್ತು ಜೀತ: ಧರ್ಮದ ಎರಡು ನುಡಿಗಳು

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಪರಿಸರದ ಕನ್ನಡ-ತೆಲುಗು ಜನಪದವನ್ನು ಅಭ್ಯಸಿಸುವವರಿಗೆ ‘ಋಣ’ ಎಂಬ ಪದ ಎರಡು ಅರ್ಥಗಳಲ್ಲಿ ಎದುರಾಗುತ್ತದೆ. ಒಂದು, ಒಡೆಯನಿಂದ ಪಡೆದ ಸಾಲ. ಇನ್ನೊಂದು, ಜನ್ಮಾಂತರದ ಬಾಧ್ಯತೆ. ಸಾಲ ತೀರಿಸದೆ ಸತ್ತವನು ಸಾಲಿಗನ ಮನೆಯಲ್ಲಿ ಎತ್ತಾಗಿ ಹುಟ್ಟಿ ದುಡಿಯುತ್ತಾನೆಂಬ ನಂಬಿಕೆಯಲ್ಲಿ ಇವೆರಡೂ ಒಂದಾಗುತ್ತವೆ. ಜೀತದಾಳನ್ನು ಕಟ್ಟಿಹಾಕಿದ್ದು ಸಾಲಪತ್ರವಷ್ಟೇ ಅಲ್ಲ, ಈ ನಂಬಿಕೆಯೂ ಹೌದು.

ಧರ್ಮವು ದಾಸ್ಯದ ಸಮರ್ಥನೆಗೂ ಖಂಡನೆಗೂ ಒದಗಿದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಗುಲಾಮರ ಒಡೆಯರು ಬೈಬಲಿನ ನೋಹನ ಶಾಪದ ಕಥೆಯನ್ನು ಆಧಾರವಾಗಿ ತೋರಿಸುತ್ತಿದ್ದರು. ಆದರೆ 1688ರಲ್ಲಿಯೇ ಪೆನ್ಸಿಲ್ವೇನಿಯದ ಜರ್ಮನ್‌ಟೌನಿನ ಕ್ವೇಕರರು, ತಮಗೆ ಬೇಡವಾದುದನ್ನು ಪರರಿಗೆ ಮಾಡಬಾರದೆಂಬ ಧರ್ಮನೀತಿಯನ್ನೇ ಮುಂದಿಟ್ಟು ಗುಲಾಮಗಿರಿಯನ್ನು ಪ್ರತಿಭಟಿಸಿದರು. ಬ್ರಿಟನ್ನಿನಲ್ಲಿ ಇಂಥ ವಾದವು ಮನವಿಪತ್ರಗಳ ಮೂಲಕ, ಗುಲಾಮರು ಬೆಳೆದ ಸಕ್ಕರೆಯ ಬಹಿಷ್ಕಾರದ ಮೂಲಕ ಸಂಸತ್ತನ್ನು ಮುಟ್ಟಿತು. 1833ರ ವಿಮೋಚನಾ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಕಂಪನಿಯ ಆಡಳಿತದಲ್ಲಿದ್ದ ಪ್ರದೇಶಗಳಲ್ಲಿ ಮನುಷ್ಯನ ಮೇಲಣ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದು ವಿಧಿಸಿದ್ದು 1843ರ ಐದನೆಯ ಕಾಯಿದೆ. ಸಾಲದ ಹೆಸರಿನ ಜೀತ ಅದರಿಂದಲೂ ಅಳಿಯಲಿಲ್ಲ.

ಈ ಚಳವಳಿಯ ಕಾಲದಲ್ಲಿಯೇ ಇದೇ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುವ ವೃತ್ತಿಯಿಂದ ಬಂದ ನಾರಾಯಣಪ್ಪ, ಅರ್ಥಾತ್ ಕೈವಾರ ತಾತಯ್ಯನವರು, ಎರಡೂ ಭಾಷೆಗಳಲ್ಲಿ ತತ್ವಪದಗಳನ್ನು ಹಾಡಿದರು. ಸಂಪ್ರದಾಯವು ಅವರ ಜೀವಿತಕಾಲವನ್ನು 1726ರಿಂದ 1836 ಎನ್ನುತ್ತದೆ. ಭಕ್ತಿಮಾರ್ಗದಲ್ಲಿ ‘ದಾಸ’ ಎಂಬುದು ಅವಮಾನದ ಪದವಲ್ಲ. ಹನ್ನೆರಡನೆಯ ಶತಮಾನದ ಶರಣರ ‘ದಾಸೋಹ’ದಲ್ಲಿಯೂ ದಾಸಭಾವವೇ ಇದೆ. ಎಲ್ಲರೂ ದೇವರಿಗೆ ದಾಸರಾದರೆ, ಮನುಷ್ಯನಿಗೆ ಮನುಷ್ಯನು ಒಡೆಯನಾಗಲು ಆಧಾರವೇ ಉಳಿಯುವುದಿಲ್ಲ. ಜೀತದ ವಿರುದ್ಧ ಇದಕ್ಕಿಂತ ಬಲವಾದ ಧಾರ್ಮಿಕ ವಾದ ಬೇಕಿಲ್ಲ. ಆದರೆ ಅದು ಭಜನೆಯಲ್ಲಿ ಉಳಿಯಿತೇ ಹೊರತು ಒಡೆಯನ ಲೆಕ್ಕದ ಪುಸ್ತಕವನ್ನು ಪ್ರಶ್ನಿಸುವ ಸಂಘಟಿತ ಹಕ್ಕೊತ್ತಾಯವಾಗಲಿಲ್ಲ.

ಆ ಕೆಲಸವನ್ನು ಬಹು ತಡವಾಗಿ ಶಾಸನ ಮಾಡಿತು. 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಹಾಗೂ 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆ ಜೀತದಾಳುಗಳನ್ನು ಬಿಡಿಸಿದ್ದಷ್ಟೇ ಅಲ್ಲ, ಜೀತದ ಸಾಲವನ್ನೇ ರದ್ದುಪಡಿಸಿದವು. ಋಣವನ್ನು ಜನ್ಮಾಂತರಕ್ಕೆ ಬೆಳೆಸಿದ ನಂಬಿಕೆಗೆ ಇದು ನೇರ ಉತ್ತರ. ಆದರೂ ಕಾಯಿದೆಯು ಸಾಲವನ್ನು ಅಳಿಸಬಲ್ಲುದು, ಅಂಜಿಕೆಯನ್ನಲ್ಲ. ಅಂಜಿಕೆ ಬೆಳೆದದ್ದು ಜನರ ನುಡಿಯಲ್ಲಿ. ಅದನ್ನು ಕರಗಿಸುವ ದಾಸಭಾವವೂ ಅದೇ ನುಡಿಯಲ್ಲಿದೆ. ವಿಮುಕ್ತನ ಕೈಗೆ ಬಿಡುಗಡೆಯ ಪತ್ರ ನೀಡುವಾಗ ಈ ಪರಂಪರೆಯನ್ನೂ ಅವನಿಗೆ ನೆನಪಿಸುವುದು ಜಾನಪದ ಅಧ್ಯಯನದ ಹೊಣೆಯಾಗಿದೆ.