ಸುರಪುರದ ಅರಸನನ್ನು ನೆನೆಯುವುದು ಎಲ್ಲಿ?

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಲ್ಲಾಗಲಿ, ಭೀಮಾ ನದಿಯ ಆಚೆಗಿನ ಶಹಾಪುರ, ಸುರಪುರಗಳಲ್ಲಾಗಲಿ ಸ್ವಾತಂತ್ರ್ಯವನ್ನು ನೆನೆಯುವ ದಿನಗಳು ಎರಡು. ಒಂದು, ದೇಶಕ್ಕೆಲ್ಲ ಸೇರಿದ ಆಗಸ್ಟ್ 15. ಇನ್ನೊಂದು ಸೆಪ್ಟೆಂಬರ್ 17. ದೇಶ ಸ್ವತಂತ್ರವಾಗಿ ವರ್ಷ ಕಳೆದರೂ ನಿಜಾಮನ ಆಳ್ವಿಕೆಯಲ್ಲೇ ಉಳಿದಿದ್ದ ಈ ಸೀಮೆ, 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯ ನಂತರ, ಸೆಪ್ಟೆಂಬರ್ 17ರಂದು ಬಿಡುಗಡೆ ಕಂಡಿತು. ಬಹುಕಾಲ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಆಚರಿಸುತ್ತಿದ್ದ ಈ ದಿನಕ್ಕೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರಾಗಿದೆ.

ಆದರೆ ಸುರಪುರ ನಿಜಾಮನ ಕೈ ಸೇರಿದ್ದು ಹೇಗೆ? ಅದು ಬೇಡ ನಾಯಕರ ಸಂಸ್ಥಾನವಾಗಿತ್ತಲ್ಲವೆ? ಈ ಪ್ರಶ್ನೆಯನ್ನು ಬೆನ್ನುಹತ್ತಿ ಹೋದರೆ ತೊಂಬತ್ತು ವರ್ಷ ಹಿಂದಕ್ಕೆ, 1858ಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಸಿಗುವವನು ಇಪ್ಪತ್ತನಾಲ್ಕು ವರ್ಷದ ಒಬ್ಬ ಅರಸ, ರಾಜಾ ವೆಂಕಟಪ್ಪ ನಾಯಕ. ಅವನ ಕಥೆಯಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ನಾಡಿಗಾಗಿ ಸತ್ತವರಿಗೆ ಸ್ಮಾರಕ ಎಂಬುದು ಹೇಗೆ ಹುಟ್ಟುತ್ತದೆ, ಕೆಲವರಿಗೆ ಏಕೆ ಸುಲಭವಾಗಿ ಹುಟ್ಟುವುದಿಲ್ಲ?

ಸತ್ತವರನ್ನು ಕಲ್ಲಿನಲ್ಲಿ ಉಳಿಸುವುದು ಕನ್ನಡನಾಡಿಗೆ ಹೊಸತಲ್ಲ. ತುರುಗಳನ್ನು ಕಾಯುತ್ತ, ಊರನ್ನು ಉಳಿಸುತ್ತ ಮಡಿದವನಿಗೆ ಊರವರು ವೀರಗಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಇಂದಿನ ರಾಷ್ಟ್ರೀಯ ಸ್ಮಾರಕಗಳ ರೂಪ ಬೇರೆಯಾದರೂ ಅವುಗಳ ಬೇರು ಇಂಥ ಕಡೆಯೇ ಇದೆ. 1931ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಹೆಸರು ಕೆತ್ತಬೇಕಾದರೆ ಅದನ್ನು ಬರೆದಿಟ್ಟವರಿರಬೇಕು. ಕಲ್ಲು ನಿಲ್ಲಿಸಬೇಕಾದರೆ ನೆಲವಿರಬೇಕು, ಆ ನೆಲವನ್ನು ಆಳುವವರ ಸಮ್ಮತಿ ಇರಬೇಕು.

ಕರ್ನಾಟಕದ ಹೆಸರಾಂತ ಹುತಾತ್ಮ ಸ್ಥಳಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಜನ ಇಂದಿಗೂ ಅಲ್ಲಿಗೇ ಹೋಗುತ್ತಾರೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆದ ವಿದುರಾಶ್ವತ್ಥದಲ್ಲೇ ಸ್ಮಾರಕವಿದೆ. 1948ರ ಮೇ ತಿಂಗಳಲ್ಲಿ ರಜಾಕಾರರು ಕಗ್ಗೊಲೆ ನಡೆಸಿದ ಬೀದರ್ ಜಿಲ್ಲೆಯ ಗೋರಟಾದಲ್ಲಿ 2023ರಲ್ಲಿ ಹುತಾತ್ಮ ಸ್ಮಾರಕ ಅನಾವರಣಗೊಂಡಿತು. ಮೂರೂ ಕಡೆ ರಕ್ತ ಬಿದ್ದ ನೆಲವೇ ನೆನಪಿನ ನೆಲವಾಗಿದೆ. ಸುರಪುರದ ಅರಸನಿಗೆ ಈ ಅನುಕೂಲವಿರಲಿಲ್ಲ.

ಸುರಪುರದ ನಾಯಕರು ಸಾಮಾನ್ಯ ಪಾಳೆಯಗಾರರಲ್ಲ. 1705ರಲ್ಲಿ ಔರಂಗಜೇಬ ತನ್ನ ಮುಪ್ಪಿನ ವಯಸ್ಸಿನಲ್ಲಿ ಖುದ್ದಾಗಿ ಬಂದು ಮುತ್ತಿಗೆ ಹಾಕಿದ ಕೊನೆಯ ಕೋಟೆ ಇವರ ವಾಗಿನಗೇರಾ. ತಿಂಗಳುಗಟ್ಟಲೆ ಹೋರಾಡಿ ಕೋಟೆ ಕಳೆದುಕೊಂಡರೂ ಪಿಡ್ಡ ನಾಯಕ ಸೆರೆ ಸಿಗಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಂಸ್ಥಾನ ಸಾಲ ಮತ್ತು ಒಳಜಗಳಗಳಲ್ಲಿ ಸೊರಗಿತ್ತು. ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಹುಡುಗ. ಆಡಳಿತ ನೋಡಿಕೊಳ್ಳಲು ಬ್ರಿಟಿಷರು ಕಳುಹಿಸಿದ ಅಧಿಕಾರಿಯೇ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಆ ವೇಳೆಗೆ ಠಗ್ಗರ ಕುರಿತ ಕಾದಂಬರಿಯಿಂದ ಹೆಸರಾಗಿದ್ದವನು. 1853ರವರೆಗೆ ಸುರಪುರದಲ್ಲಿದ್ದು ಹಣಕಾಸನ್ನು ಒಂದು ದಾರಿಗೆ ತಂದ. ಅವನು ಬೆಟ್ಟದ ಮೇಲೆ ಕಟ್ಟಿಸಿದ ಬಂಗಲೆಯೇ ಟೇಲರ್ ಮಂಜಿಲ್. ಸುತ್ತಲ ಪ್ರಾಚೀನ ಕಲ್ಲುಗೋರಿಗಳನ್ನು, ಅದರಲ್ಲೂ ರಾಜನಕೋಳೂರಿನವನ್ನು ಮೊದಲು ವಿದ್ವಾಂಸರ ಗಮನಕ್ಕೆ ತಂದವನೂ ಅವನೇ. ತಂದೆಯಿಲ್ಲದ ವೆಂಕಟಪ್ಪ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ಸಂಸ್ಥಾನವನ್ನು ಪ್ರಾಯಕ್ಕೆ ಬಂದ ಅರಸನಿಗೆ ಒಪ್ಪಿಸಿ ಟೇಲರ್ ಹೊರಟುಹೋದ.

ನಾಲ್ಕು ವರ್ಷಗಳಲ್ಲಿ ಉತ್ತರ ಭಾರತ ಹೊತ್ತಿ ಉರಿಯಿತು. ಅದರ ಕಿಡಿ ದಕ್ಷಿಣಕ್ಕೂ ಹಾರಿತು. ಆಯುಧ ಒಪ್ಪಿಸಬೇಕೆಂಬ ಕಾನೂನನ್ನು ಪ್ರತಿಭಟಿಸಿ 1857ರ ಕೊನೆಯಲ್ಲಿ ಹಲಗಲಿಯ ಬೇಡರು ಎದ್ದರು. ಸುರಪುರದ ಅರಸ ಅರಬ್ ಮತ್ತು ರೋಹಿಲಾ ಸಿಪಾಯಿಗಳನ್ನು ಕೂಡಿಸುತ್ತಿದ್ದಾನೆ, ನಾನಾಸಾಹೇಬನ ಕಡೆಯವರೊಡನೆ ಸಂಪರ್ಕವಿಟ್ಟಿದ್ದಾನೆ ಎಂಬ ದೂರು ಬ್ರಿಟಿಷರ ಕಿವಿಗೆ ಬಿತ್ತು. ವಿಚಾರಿಸಲು ಬಂದ ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನ ಬಿಡಾರದ ಮೇಲೆ 1858ರ ಫೆಬ್ರುವರಿ 7ರ ರಾತ್ರಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಅವನ ಕೈಕೆಳಗಿನ ಸ್ಟುವರ್ಟ್ ಮಾರಣಾಂತಿಕವಾಗಿ ಗಾಯಗೊಂಡ. ಆದರೆ ದೊಡ್ಡ ಸೇನೆ ಸುತ್ತುಗಟ್ಟುವ ಸೂಚನೆ ಸಿಕ್ಕಿತ್ತು. ಅರಸ ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದ. ಅಲ್ಲಿ ಅವನಿಗೆ ಆಶ್ರಯ ಸಿಗಲಿಲ್ಲ. ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷರಿಗೆ ಒಪ್ಪಿಸಿದ.

ಸಿಕಂದರಾಬಾದಿನ ಸೆರೆಯಲ್ಲಿ ಟೇಲರ್ ಮತ್ತು ಅರಸ ಮತ್ತೆ ಭೇಟಿಯಾದರು. ಒಬ್ಬ ಸಾಕಿದವನು, ಒಬ್ಬ ಸಾಕಿಸಿಕೊಂಡವನು. ಈಗ ಒಬ್ಬ ಆಳುವ ಸರ್ಕಾರದ ಅಧಿಕಾರಿ, ಇನ್ನೊಬ್ಬ ರಾಜದ್ರೋಹದ ಆಪಾದಿತ. ಪ್ರಚೋದನೆ ಕೊಟ್ಟವರ ಹೆಸರು ಹೇಳಿದರೆ ರೆಸಿಡೆಂಟರ ದಯೆ ದೊರೆತೀತು ಎಂದು ಟೇಲರ್ ಸೂಚಿಸಿದ. ಅರಸ ಒಪ್ಪಲಿಲ್ಲ. ಸಂಗಡಿಗರ ಹೆಸರು ಹೇಳುವುದಿಲ್ಲ, ಹೇಡಿಯಂತೆ ಜೀವಭಿಕ್ಷೆ ಬೇಡುವುದಿಲ್ಲ, ಕಳ್ಳನಂತೆ ನೇಣಿಗೆ ಹಾಕುವ ಬದಲು ತೋಪಿನ ಬಾಯಿಗೆ ಕಟ್ಟಲಿ ಎಂಬುದು ಅವನ ಉತ್ತರದ ಸಾರ. ಇದು ನಮಗೆ ತಿಳಿದಿರುವುದು ಟೇಲರ್‌ನ ಆತ್ಮಚರಿತ್ರೆಯಿಂದಲೇ. ಅದು ಪ್ರಕಟವಾದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ.

ಅರಸನಿಗೆ ಮೊದಲು ಮರಣದಂಡನೆಯಾಯಿತು. ರೆಸಿಡೆಂಟ್ ಅದನ್ನು ಕರಿನೀರಿನ ಶಿಕ್ಷೆಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ತಗ್ಗಿಸಿ, ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸ ಎಂದ. ನಡತೆ ಸರಿಯಿದ್ದರೆ ಮುಂದೆ ರಾಜ್ಯ ಮರಳುವ ಸಾಧ್ಯತೆಯೂ ಇತ್ತೆಂದು ಟೇಲರ್ ಬರೆಯುತ್ತಾನೆ. ಆದರೆ ಅತ್ತ ಕರೆದೊಯ್ಯುವಾಗ, 1858ರ ಮೇ ತಿಂಗಳಲ್ಲಿ, ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ ಅರಸ ಗುಂಡೇಟಿನಿಂದ ಸತ್ತ. ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ತಾನೇ ಗುಂಡು ಹಾರಿಸಿಕೊಂಡ ಎಂದು ಸರ್ಕಾರ ಹೇಳಿತು. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾವೆಂದು ಅವನ ಜಾತಕದಲ್ಲಿತ್ತೆಂಬ ಮಾತನ್ನೂ ಟೇಲರ್ ಸೇರಿಸುತ್ತಾನೆ. ಸೆರೆಯಾಳಿನ ಕೈಗೆ ಕಾವಲುಗಾರನ ಆಯುಧ ಅಷ್ಟು ಸುಲಭವಾಗಿ ಹೇಗೆ ಸಿಕ್ಕಿತು ಎಂಬ ಸಂಶಯ ಮಾತ್ರ ಉಳಿದುಬಂದಿದೆ.

ಸಂಸ್ಥಾನವೂ ಉಳಿಯಲಿಲ್ಲ. ದಂಗೆಯ ಕಾಲದಲ್ಲಿ ಬ್ರಿಟಿಷರ ಪರ ನಿಂತದ್ದಕ್ಕೆ ಇನಾಮಿನಂತೆ 1860ರಲ್ಲಿ ಸುರಪುರವನ್ನು ನಿಜಾಮನಿಗೆ ಕೊಡಲಾಯಿತು. ಅದರ ಜೊತೆಗೆ ರಾಯಚೂರು ದೋಆಬ್ ಮತ್ತು ಧಾರಾಶಿವ ಸೀಮೆ ಮರಳಿದವು, 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ಸೆಪ್ಟೆಂಬರ್ 17ರ ಪ್ರಶ್ನೆಗೆ ಉತ್ತರ ಇಲ್ಲಿದೆ. ಅರಸನನ್ನು ಹಿಡಿದುಕೊಟ್ಟ ದರಬಾರೇ ಅವನ ನೆಲಕ್ಕೆ ಒಡೆಯನಾಯಿತು. ಅಂಥ ಆಳ್ವಿಕೆಯಲ್ಲಿ ಅವನಿಗೆ ಕಲ್ಲು ನಿಲ್ಲಿಸುವವರು ಯಾರು? ಅವನು ಸತ್ತದ್ದು ಪರಊರಿನ ದಾರಿಯಲ್ಲಿ. ತೋರಿಸಲು ಗಲ್ಲಿನ ಮರವೂ ಸುರಪುರದಲ್ಲಿರಲಿಲ್ಲ. ಊರ ನೆತ್ತಿಯ ಮೇಲೆ ಕಣ್ಣಿಗೆ ಕಾಣುವಂತೆ ಉಳಿದದ್ದು ಟೇಲರ್‌ನ ಬಂಗಲೆ.

ಹೀಗೆ ಗೆದ್ದವರು ನೆಲವನ್ನೂ ಪಡೆದರು, ಬರವಣಿಗೆಯನ್ನೂ ಪಡೆದರು. ಆದರೆ ಬರವಣಿಗೆಗೆ ಒಂದು ವಿಚಿತ್ರ ಗುಣವಿದೆ, ಬರೆದವನ ಹಿಡಿತದಲ್ಲೇ ಅದು ಉಳಿಯುವುದಿಲ್ಲ. ಟೇಲರ್ ತನ್ನ ಹುಡುಗ ದುರ್ಬೋಧಕರ ಮಾತಿಗೆ ಮರುಳಾಗಿ ಕೆಟ್ಟನೆಂದು ಮರುಗಿ ಬರೆದ. ಆ ಪುಟಗಳನ್ನೇ ಓದಿ ವಿನಾಯಕ ದಾಮೋದರ ಸಾವರ್ಕರ್ 1909ರಲ್ಲಿ ಪ್ರಕಟವಾದ, 1857ರ ಕುರಿತ ತಮ್ಮ ಪುಸ್ತಕದಲ್ಲಿ ಸುರಪುರದ ಅರಸನನ್ನು ಸ್ವಾತಂತ್ರ್ಯ ಸಮರದ ವೀರನೆಂದು ಕಂಡರು. ಹಲಗಲಿ ಬೇಡರ ಲಾವಣಿಯ ಕಥೆಯೂ ಇಂಥದೇ. ಜನರ ಬಾಯಲ್ಲಿದ್ದ ಅದನ್ನು ಮೊದಲು ಅಚ್ಚಿಗೆ ತಂದವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಸೋತವರ ನೆನಪಿನ ಒಂದು ಪಾಲು ಗೆದ್ದವರ ಕಪಾಟಿನಲ್ಲಿ ಕಾಯ್ದಿಟ್ಟಂತಾಯಿತು.

ಆದ್ದರಿಂದ ಟೇಲರ್‌ನ ಮಾತನ್ನು ಪೂರ್ತಿ ನಂಬುವುದೂ ಸರಿಯಲ್ಲ, ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಅವನು ಆ ಹುಡುಗನನ್ನು ಪ್ರೀತಿಸಿದ್ದೂ ನಿಜ, ಅವನ ರಾಜ್ಯವನ್ನು ನುಂಗಿದ ಸರ್ಕಾರದ ಸಂಬಳ ತಿಂದದ್ದೂ ನಿಜ. ಅರಸ ಹೇಗೆ ಸತ್ತ ಎಂಬುದರಲ್ಲಿ ಸಂಶಯಕ್ಕೆ ಎಡೆಯಿರಬಹುದು. ಆದರೆ ಸಂಗಡಿಗರ ಹೆಸರು ಹೇಳಲಿಲ್ಲ ಎಂಬುದನ್ನು ಹೇಳಿರುವವನು ಆ ಹೆಸರುಗಳನ್ನು ಕೇಳಲು ಹೋದವನೇ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ರಾಜನಕೋಳೂರಿನ ಕಲ್ಲುಗೋರಿಗಳು ಇಂದಿಗೂ ನಿಂತಿವೆ. ಅವುಗಳಲ್ಲಿ ಮಲಗಿದ್ದವರು ಯಾರೆಂದು ಹೇಳುವವರಿಲ್ಲ. ಅದೇ ಸೀಮೆಯಲ್ಲಿ, ನೆಲವನ್ನೂ ಗಲ್ಲಿನ ಮರವನ್ನೂ ಕಳೆದುಕೊಂಡ ಒಬ್ಬ ಅರಸನ ಹೆಸರು ಮಾತ್ರ ಉಳಿದಿದೆ. ಅವನು ಬಾಯಿಬಿಡದ ಕಾರಣ ಬದುಕಿಕೊಂಡವರು ಎಷ್ಟು ಮಂದಿಯೋ, ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಸೆಪ್ಟೆಂಬರ್ 17ರಂದು ಏರುವ ಬಾವುಟದಲ್ಲಿ ಅವರ ಪಾಲೂ ಇದೆ.