ಈಜುಕೊಳದ ಕ್ಲೋರಿನ್: ಮೂಗಿಗೆ ತಿಳಿಯದ ಲೆಕ್ಕ

ಈಜುಕೊಳದ ಬಾಗಿಲು ದಾಟಿದೊಡನೆ ಮೂಗಿಗೆ ಬಡಿಯುವ ಘಾಟು ಎಲ್ಲರಿಗೂ ಪರಿಚಿತ. ‘ಕ್ಲೋರಿನ್ ಜಾಸ್ತಿ ಸುರಿದಿದ್ದಾರೆ’ ಎಂದು ಗೊಣಗುತ್ತೇವೆ. ವಾಸ್ತವ ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧ. ಈಜುವವರ ಬೆವರು, ಮೂತ್ರಗಳೊಡನೆ ಕ್ಲೋರಿನ್ ಬೆರೆತಾಗ ಕ್ಲೋರಮೀನುಗಳು ಹುಟ್ಟುತ್ತವೆ. ಘಾಟೂ ಕಣ್ಣುರಿಯೂ ಅವುಗಳ ಕೊಡುಗೆ. ರೋಗಾಣುಗಳನ್ನು ಕೊಲ್ಲಬೇಕಾದ ಕ್ಲೋರಿನ್ ಬೇರೆಡೆ ಖರ್ಚಾಗಿದೆ ಎಂಬುದಕ್ಕೆ ಅದು ಸೂಚನೆ. ಹಾಗಾದರೆ ನೀರಿನಲ್ಲಿ ಉಳಿದದ್ದೆಷ್ಟು ಎಂದು ತಿಳಿಯುವುದು ಹೇಗೆ?

ಸ್ವೀಡನ್ನಿನ ಷೀಲೆ 1774ರಲ್ಲಿ ತಯಾರಿಸಿದ ಈ ಅನಿಲ ಬಹುಕಾಲ ಬಟ್ಟೆ ಬಿಳುಪಾಗಿಸುವುದಕ್ಕೇ ಮೀಸಲಾಗಿತ್ತು. ಅದನ್ನು ಒಂದು ನಗರದ ಕುಡಿಯುವ ನೀರಿಗೆ ನಿತ್ಯ ಬೆರೆಸುವ ಧೈರ್ಯ ತೋರಿದವರಲ್ಲಿ ಅಮೆರಿಕದ ವೈದ್ಯ ಜಾನ್ ಲೀಲ್ ಪ್ರಮುಖರು. ಅವರ ತಂದೆ ಅಂತರ್ಯುದ್ಧದಲ್ಲಿ ಸೈನ್ಯದ ವೈದ್ಯರಾಗಿದ್ದಾಗ ಅತಿಸಾರ ಅಂಟಿಸಿಕೊಂಡು, ವರ್ಷಗಟ್ಟಲೆ ನರಳಿ ತೀರಿಕೊಂಡವರು. ಜರ್ಸಿ ನಗರದ ನೀರು ಶುದ್ಧವಾಗಿಲ್ಲವೆಂಬ ವ್ಯಾಜ್ಯ ನ್ಯಾಯಾಲಯದಲ್ಲಿದ್ದಾಗಲೇ, ಯಾರ ಅನುಮತಿಗೂ ಕಾಯದೆ, 1908ರ ಸೆಪ್ಟೆಂಬರಿನಲ್ಲಿ ಅವರು ಬೂಂಟನ್ ಜಲಾಶಯದ ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸತೊಡಗಿದರು. ಹತ್ತು ಲಕ್ಷ ಪಾಲು ನೀರಿಗೆ ಕ್ಲೋರಿನ್ ಒಂದು ಪಾಲೂ ಇರಲಿಲ್ಲ. ಆದರೂ ಜನರ ನೀರಿಗೆ ವಿಷ ಬೆರೆಸಿದ ಎಂಬ ಗುಲ್ಲೇಳುವುದು ಸಹಜವೇ ಆಗಿತ್ತು. ನ್ಯಾಯಾಲಯ ಕಡೆಗೆ ಲೀಲ್ ಮಾಡಿದ್ದನ್ನು ಎತ್ತಿಹಿಡಿಯಿತು.

ಈಜುಕೊಳದ ಸರದಿ ಬೇಗನೆ ಬಂತು. ಅದುವರೆಗೆ ಕೊಳವನ್ನು ತುಂಬುವುದು, ಕೊಳೆಯಾದಾಗ ಬರಿದು ಮಾಡಿ ಉಜ್ಜುವುದು, ಇಷ್ಟೇ ಉಪಾಯ. 1910ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಕೊಳಕ್ಕೆ ಬಂಕರ್ ಎಂಬ ವಿಜ್ಞಾನಿ ಕ್ಲೋರಿನ್ ಪ್ರಯೋಗಿಸಿದರು.

ಅಳತೆಯ ಪ್ರಶ್ನೆಗೆ ಉತ್ತರ ಕೊಟ್ಟದ್ದು ಬಣ್ಣ. ಗಾಜಿನ ನಳಿಕೆಯ ನೀರಿಗೆ ಆರ್ಥೊಟೊಲಿಡಿನ್ ಹನಿಗಳನ್ನು ಹಾಕಿದರೆ ಕ್ಲೋರಿನ್ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ಎಲ್ಮ್ಸ್ ಮತ್ತು ಹೌಸರ್ 1913ರಲ್ಲಿ ಈ ಪರೀಕ್ಷೆಗೆ ಖಚಿತ ರೂಪ ಕೊಟ್ಟರು. ನಮ್ಮ ಹಳ್ಳಿಯ ಬಾವಿಗಳಿಗೆ ಬಂದದ್ದು ಇನ್ನೊಂದು ಬಣ್ಣ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾ ವೈದ್ಯ ಹೊರಾಕ್ಸ್ ರೂಪಿಸಿದ ಪೆಟ್ಟಿಗೆಯಲ್ಲಿ ಆರು ಬಿಳಿ ಬಟ್ಟಲುಗಳು. ಬಾವಿಯ ನೀರಿಗೆ ಒಂದರಿಂದೊಂದಕ್ಕೆ ಹೆಚ್ಚಿಸುತ್ತ ಬ್ಲೀಚಿಂಗ್ ಪೌಡರಿನ ದ್ರಾವಣ ಬೆರೆಸಿ, ಅರ್ಧ ಗಂಟೆಯ ನಂತರ ಪಿಷ್ಟ-ಅಯೋಡೈಡಿನ ಸೂಚಕ ಹಾಕಬೇಕು. ಮೊದಲು ನೀಲಿಯಾದದ್ದು ಮೂರನೆಯ ಬಟ್ಟಲಾದರೆ 455 ಲೀಟರಿಗೆ 6 ಗ್ರಾಂ ಪುಡಿ ಸಾಕು. ಓದು ಬಾರದವರಿಗೂ ಅರ್ಥವಾಗುವ ಗಣಿತ!

ಹಳದಿ ಪರೀಕ್ಷೆಯ ಕೊರತೆಯೆಂದರೆ, ದುಡಿಯಲು ಸಿದ್ಧವಾಗಿರುವ ಮುಕ್ತ ಕ್ಲೋರಿನ್ನನ್ನೂ ಕ್ಲೋರಮೀನಿನಲ್ಲಿ ಸಿಲುಕಿದ ಕ್ಲೋರಿನ್ನನ್ನೂ ಅದು ಸರಿಯಾಗಿ ಬೇರ್ಪಡಿಸುತ್ತಿರಲಿಲ್ಲ. 1957ರಲ್ಲಿ ಇಂಗ್ಲೆಂಡಿನ ಪೇಲಿನ್ ಡಿಪಿಡಿ ಎಂಬ ವಸ್ತುವಿನ ಪರೀಕ್ಷೆ ತಂದರು. ಮೊದಲ ಗುಳಿಗೆಯ ಗುಲಾಬಿ ಬಣ್ಣ ಮುಕ್ತ ಕ್ಲೋರಿನ್ನಿನದು. ಮತ್ತೊಂದು ಗುಳಿಗೆ ಒಟ್ಟು ಪ್ರಮಾಣ ತೋರಿಸುತ್ತದೆ. ಎರಡರ ವ್ಯತ್ಯಾಸವೇ ಘಾಟಿನ ಮೂಲ. ಆರ್ಥೊಟೊಲಿಡಿನ್ ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆಯೂ ಹಳೆಯ ಪರೀಕ್ಷೆಯನ್ನು ಮೂಲೆಗೆ ಸರಿಸಿತು.

ಇಂದು ಮನೆಯಂಗಳದಲ್ಲಿ ಕೊಳ ಕಟ್ಟಿಸಿಕೊಂಡವರಿಗೂ ಇದೇ ನಳಿಕೆ ಆಧಾರ. ಮುಕ್ತ ಕ್ಲೋರಿನ್ ಹತ್ತು ಲಕ್ಷಕ್ಕೆ 1ರಿಂದ 3 ಪಾಲು, ಪಿಎಚ್ 7.2ರಿಂದ 7.8 ಇರಬೇಕು. ಪಿಎಚ್ 7.5ರಲ್ಲಿ ಮುಕ್ತ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ರೋಗಾಣುನಾಶಕ ಹೈಪೊಕ್ಲೋರಸ್ ಆಮ್ಲವಾಗಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗ ಮಾತ್ರ. ಪುಡಿ ಅಷ್ಟೇ, ಫಲ ಅರ್ಧ. ಬಿಸಿಲೂ ಕ್ಲೋರಿನ್ನನ್ನು ತಿನ್ನುತ್ತದೆ. ಅದನ್ನು ತಡೆಯಲು ಸಯನ್ಯೂರಿಕ್ ಆಮ್ಲ ಬೆರೆಸುವುದುಂಟು, ಅತಿಯಾದರೆ ಅದೇ ಕ್ಲೋರಿನ್ನಿನ ಕೈಕಟ್ಟುತ್ತದೆ.

ಘಾಟು ಬಂತೆಂದು ಕ್ಲೋರಿನ್ ನಿಲ್ಲಿಸುವವರೇ ಹೆಚ್ಚು. ಆಗ ಬೇಕಾದದ್ದು ಇನ್ನಷ್ಟು ಕ್ಲೋರಿನ್: ಸಿಲುಕಿದ ಪ್ರಮಾಣದ ಸುಮಾರು ಹತ್ತರಷ್ಟು, ಅದೂ ಸೂರ್ಯ ಮುಳುಗಿದ ಮೇಲೆ. ಮರುದಿನ ಮತ್ತೆ ನಳಿಕೆ ಹಿಡಿದು ನೋಡಿ, ಗುಲಾಬಿ ಬಣ್ಣ 3ರ ಗುರುತಿಗೆ ಇಳಿಯುವ ತನಕ ಮಕ್ಕಳನ್ನು ದಂಡೆಯಲ್ಲೇ ಕೂರಿಸಬೇಕು.